ಕೊಲಂಬೈನ್ ಬಾರದ ಊರಲ್ಲಿ ಹಿಂಗಾರಿಯ ನೀಲಿ ಹೂ

ಕೊಲಂಬೈನ್ ಬೀಜದ ಪಾಕೀಟನ್ನು ಈಗ ಯಾರು ಬೇಕಾದರೂ ಮನೆಯಲ್ಲಿ ಕೂತು ತರಿಸಿಕೊಳ್ಳಬಹುದು. ಪಾಕೀಟಿನ ಮೇಲಿನ ಚಿತ್ರ ಯಾರನ್ನಾದರೂ ಮರುಳು ಮಾಡುತ್ತದೆ: ಕೆಳಗೆ ಬಾಗಿದ ಹೂ, ನಡುವೆ ಬಿಳಿ ಬಟ್ಟಲು, ಸುತ್ತ ನೀಲಿ ಎಸಳು, ಹಿಂದೆ ಕೊಕ್ಕಿನ ಹಾಗೆ ಚಾಚಿದ ಐದು ಕೊಂಬು. ಇದು ನಮ್ಮ ವಿಜಯಪುರದಲ್ಲಿ, ಜೋರಾಪುರ ಪೇಟೆಯ ಮಾಳಿಗೆಯ ಮೇಲೆ, ಒಂದು ಕುಂಡದಲ್ಲಿ ಬೆಳೆದೀತೇ ಎಂದು ಕೇಳುವವರಿದ್ದಾರೆ. ಸುತ್ತಿ ಬಳಸದೆ ಹೇಳುವುದಾದರೆ, ಎಲೆ ಬಂದೀತು, ಹೂ ಬರುವುದಿಲ್ಲ. ಆದರೆ ಅದೇ ಬಳಗದ ಎರಡು ಹೂಗಳು ನಮ್ಮ ಚಳಿಗಾಲಕ್ಕೆ ಚೆನ್ನಾಗಿ ಒಗ್ಗುತ್ತವೆ. ಅವುಗಳಲ್ಲಿ ಒಂದರ ಬೀಜ ಓಣಿಯ ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ. ಮೂರನೆಯ ನೀಲಿ ಹೂವೊಂದನ್ನು ನಮ್ಮ ರೈತರು ಜೋಳದ ಹೊಲದ ಅಂಚಿಗೆ ಮೊದಲಿನಿಂದಲೂ ಬಿತ್ತುತ್ತಲೇ ಬಂದಿದ್ದಾರೆ. ಈ ಮೂರನ್ನು ಬೆಳೆಸುವ ಬಗೆಯನ್ನು ಇಲ್ಲಿ ಹೇಳುತ್ತೇನೆ.

ಮೊದಲು ಕೊಲಂಬೈನ್ ಯಾಕೆ ಬಾರದು ಎಂಬುದನ್ನು ತಿಳಿದುಕೊಳ್ಳೋಣ. ಉಳಿದ ಮೂರರ ಲೆಕ್ಕವೂ ಅದರಲ್ಲೇ ಅಡಗಿದೆ.

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಅಕ್ವಿಲೇಜಿಯ. ಉತ್ತರ ಗೋಳಾರ್ಧದ ತಂಪು ನಾಡುಗಳ ಗಿಡ. ನಮ್ಮ ದೇಶದಲ್ಲಿ ಕಾಶ್ಮೀರ, ಹಿಮಾಚಲ, ಉತ್ತರಾಖಂಡದ ಬೆಟ್ಟಗಳಲ್ಲಿ ತಾನಾಗಿ ಬೆಳೆಯುತ್ತದೆ. ಅಮೆರಿಕದ ಕೊಲರಾಡೊ ರಾಜ್ಯ ಇದರ ನೀಲಿ ಜಾತಿಯೊಂದನ್ನು 1899ರಲ್ಲಿ ತನ್ನ ರಾಜ್ಯಪುಷ್ಪವೆಂದು ಆರಿಸಿಕೊಂಡಿತು. ಈ ಗಿಡಕ್ಕೆ ಎರಡು ಸಲ ಚಳಿ ತಾಗಬೇಕು. ಬೀಜ ಮೊಳೆಯುವ ಮೊದಲು ಮೂರು ನಾಲ್ಕು ವಾರ ತಂಪಿನಲ್ಲಿ, ತೇವದಲ್ಲಿ ಇರಬೇಕು. ಅದನ್ನು ಫ್ರಿಜ್ಜಿನಲ್ಲಿ ಮಾಡಿಬಿಡಬಹುದು. ಎರಡನೆಯ ಚಳಿಯೇ ಕಷ್ಟ. ಹತ್ತು ಹನ್ನೆರಡು ಎಲೆ ಬಿಟ್ಟು ಬಲಿತ ಗಿಡ ಎಂಟು ಹತ್ತು ವಾರ 5 ಡಿಗ್ರಿ ಆಸುಪಾಸಿನ ಚಳಿಯಲ್ಲಿ ಮಲಗಿ ಎದ್ದರೆ ಮಾತ್ರ ಹೆಚ್ಚಿನ ತಳಿಗಳಲ್ಲಿ ಮೊಗ್ಗು ಕಟ್ಟುತ್ತದೆ. ವಿಜಯಪುರದ ಡಿಸೆಂಬರ್ ರಾತ್ರಿಗಳು ಸಾಮಾನ್ಯವಾಗಿ 15 ಡಿಗ್ರಿಯ ಸುತ್ತ ಇರುತ್ತವೆ, ಕೆಲವು ರಾತ್ರಿ 10ರ ಹತ್ತಿರಕ್ಕೆ ಇಳಿಯುತ್ತವೆ. ಹಗಲು ಮತ್ತೆ 29, 30. ಕೊಲಂಬೈನ್‌ಗೆ ಇದು ಚಳಿಗಾಲವೇ ಅಲ್ಲ. ಹೇಗೋ ಆ ಕಾಲ ದಾಟಿಸಿದರೂ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಬಿಸಿಲಿಗೆ ಬೇರು ಬೆಂದುಹೋಗುತ್ತದೆ. ಬಹುವಾರ್ಷಿಕ ಗಿಡವೆಂದು ಪಾಕೀಟಿನ ಮೇಲೆ ಬರೆದಿರುವುದು ಅದು ಹುಟ್ಟಿದ ನಾಡಿಗೆ ಸರಿ, ನಮ್ಮ ನಾಡಿಗಲ್ಲ. ದುಡ್ಡು ಕೊಟ್ಟು ತಂದ ಗಿಡ ಸತ್ತರೆ ತಮ್ಮ ಕೈಗುಣವೇ ಸರಿಯಿಲ್ಲವೆಂದು ಎಷ್ಟೋ ಹೆಣ್ಣುಮಕ್ಕಳು ನೊಂದುಕೊಳ್ಳುತ್ತಾರೆ. ಅವರ ತಪ್ಪೇನೂ ಇರುವುದಿಲ್ಲ.

ಪರದೇಶದಲ್ಲಿರುವ ಮಕ್ಕಳು ಊರಿಗೆ ಬರುವಾಗ ಈ ಬೀಜವನ್ನು ಚೀಲದಲ್ಲಿ ಹಾಕಿಕೊಂಡು ಬರುವುದುಂಟು. ಅದು ಬೇಡ. 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ಬಿತ್ತನೆ ಬೀಜ ದೇಶದೊಳಗೆ ಬರಬೇಕಾದರೆ ಆಮದು ಪರವಾನಗಿ ಬೇಕು, ರೋಗಮುಕ್ತವೆಂಬ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಹೂವಿನ ಆಸೆಗೆ ಹೊಸದೊಂದು ರೋಗವನ್ನು ತಿಕೋಟಾದ ದ್ರಾಕ್ಷಿ ಪಡಕ್ಕೋ ಕೊಲ್ಹಾರದ ಉಳ್ಳಾಗಡ್ಡಿ ಹೊಲಕ್ಕೋ ತಂದು ಬಿಡುವುದು ಯಾರಿಗೂ ಒಳ್ಳೆಯದಲ್ಲ.

ಹಿಂಗಾರಿಯ ಕಾಲವೇ ಹೂವಿನ ಕಾಲ

ನಮ್ಮ ಜಿಲ್ಲೆಯಲ್ಲಿ ಮಳೆ ಕಡಿಮೆ, ವರ್ಷಕ್ಕೆ 600 ಮಿ.ಮೀ. ಆಸುಪಾಸು. ಬೇರೆ ತಿಂಗಳುಗಳಿಗಿಂತ ಹೆಚ್ಚು ಸುರಿಯುವುದು ಸೆಪ್ಟೆಂಬರ್‌ನಲ್ಲಿ. ಆ ಮಳೆಯನ್ನು ಎರಿ ಭೂಮಿ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಉತ್ತರಿ, ಹಸ್ತ ಮಳೆಯ ಹದಕ್ಕೆ ಬಿತ್ತಿದ ಮಾಲ್ದಂಡಿ ಜೋಳ ಆಮೇಲೆ ಮಳೆ ಕಾಣದಿದ್ದರೂ ಆ ಹಸಿಯಿಂದ, ಮಾಗಿಯ ಇಬ್ಬನಿಯಿಂದ ತೆನೆ ಹಿಡಿಯುತ್ತದೆ. ಜೋಳದ ಜೊತೆಗೇ ಕಡಲೆ, ಕುಸುಬಿ, ಅಗಸಿ ಬೆಳೆಯುತ್ತವೆ. ಇವೆಲ್ಲ ತಂಪಿನಲ್ಲಿ ಬೆಳೆದು, ಬಿಸಿಲು ಏರುವ ಹೊತ್ತಿಗೆ ಕಾಳು ಕಟ್ಟಿ ಮುಗಿಸುವ ಬೆಳೆಗಳು.

ಮನೆಯ ಹೂದೋಟಕ್ಕೂ ಇದೇ ಪಂಚಾಂಗ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ತೋಟಗಾರಿಕೆಯ ಪುಸ್ತಕಗಳು, ವೀಡಿಯೊಗಳು ಬೆಂಗಳೂರಿನ ಹವೆಗೋ ದಿಲ್ಲಿಯ ಚಳಿಗೋ ಹೊಂದಿಸಿ ತಿಂಗಳು ಹೇಳುತ್ತವೆ. ದಿಲ್ಲಿಯಲ್ಲಿ ಮಾರ್ಚ್ ಅಂದರೆ ಹೂವಿನ ಹಬ್ಬ. ನಮ್ಮಲ್ಲಿ ಮಾರ್ಚ್ ಅಂದರೆ ಬಿಸಿಗಾಳಿ. ಸೀಗಿ ಹುಣ್ಣಿಮೆಯಿಂದ ಶಿವರಾತ್ರಿಯವರೆಗಿನ ನಾಲ್ಕು ನಾಲ್ಕೂವರೆ ತಿಂಗಳು ನಮ್ಮ ತಂಪು ಹೂಗಳಿಗೆ ಸಿಗುವ ಅವಧಿ. ಅಷ್ಟರಲ್ಲಿ ಮೊಳೆತು, ಬೆಳೆದು, ಹೂ ಬಿಟ್ಟು, ಕಾಳು ಕಟ್ಟಿ ಮುಗಿಸುವ ವಾರ್ಷಿಕ ಗಿಡಗಳನ್ನೇ ಆರಿಸಿಕೊಳ್ಳಬೇಕು. ಬಿತ್ತನೆ ತಡವಾದಷ್ಟೂ ಹೂವಿನ ದಿನಗಳು ಕಡಿಮೆಯಾಗುತ್ತವೆ.

ಕಲೋಂಜಿ

ಕೊಲಂಬೈನ್ ಸೇರಿದ ರನನ್‌ಕ್ಯುಲೇಸಿ ಕುಟುಂಬದ್ದೇ ಗಿಡ ಇದು. ಶಾಸ್ತ್ರೀಯ ಹೆಸರು ನೈಜೆಲ್ಲ ಸಟೈವ. ರೊಟ್ಟಿ, ನಾನ್, ಉಪ್ಪಿನಕಾಯಿ ಮಸಾಲೆಗೆ ಹಾಕುವ, ಯುನಾನಿ ಹಕೀಮರ ಔಷಧಿಗೆ ಬೀಳುವ ಕರೀ ಕಾಳು. ರಾಜಸ್ಥಾನ, ಮಧ್ಯಪ್ರದೇಶದಲ್ಲಿ ಇದನ್ನು ಹಿಂಗಾರಿ ಬೆಳೆಯಾಗಿಯೇ ಬೆಳೆಯುತ್ತಾರೆ. ಅಜ್ಮೇರ್‌ನ ರಾಷ್ಟ್ರೀಯ ಬೀಜ ಮಸಾಲೆ ಸಂಶೋಧನಾ ಕೇಂದ್ರ ಇದರ ತಳಿಗಳನ್ನು ಬಿಡುಗಡೆ ಮಾಡಿದೆ. ಹೂವಿಗಾಗಿ ಇದನ್ನು ಬೆಳೆಸುವವರು ನಮ್ಮಲ್ಲಿ ಕಡಿಮೆ. ಒಮ್ಮೆ ಹೂ ನೋಡಿದವರು ಮುಂದಿನ ವರ್ಷ ಬಿತ್ತದೆ ಬಿಡುವುದಿಲ್ಲ.

ಅಂಗಡಿಯಲ್ಲಿ ಕೊಳ್ಳುವಾಗ ಕಣ್ಣಿಟ್ಟು ನೋಡಿ. ಕರಿಜೀರಿಗೆ ಎಂದು ಕೇಳಿದರೆ ಶಾಹಿ ಜೀರಿಗೆ ಕೊಟ್ಟಾರು. ಅದು ತೆಳ್ಳಗೆ ಉದ್ದ, ಸ್ವಲ್ಪ ಬಾಗಿರುತ್ತದೆ, ಅದರ ಗಿಡವೇ ಬೇರೆ. ಕಲೋಂಜಿ ಮೂರು ಮೂಲೆಯ, ಹೊಳಪಿಲ್ಲದ ಕರೀ ಕಾಳು. ಒಡೆದರೆ ಒಳಗೆ ಬಿಳಿ ತಿರುಳು, ಉಜ್ಜಿದರೆ ಓಮವನ್ನು ಹೋಲುವ ಖಾರದ ವಾಸನೆ. ಉಳ್ಳಾಗಡ್ಡಿ ಬೀಜವೂ ನೋಡಲು ಹೀಗೇ ಇರುತ್ತದೆ. ಉಳ್ಳಾಗಡ್ಡಿ ಬೆಳೆಯುವ ಜಿಲ್ಲೆಯಲ್ಲಿ ಮನೆಯ ಡಬ್ಬಿಗಳು ಅದಲುಬದಲಾಗುವುದು ಸುಲಭ, ಮೂಸಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಹುರಿದದ್ದು, ಎಣ್ಣೆ ಸವರಿದ್ದು ಬೇಡ. ಒಂದು ಚಮಚದಲ್ಲಿ ಸಾವಿರದಷ್ಟು ಕಾಳು ಬರುವುದರಿಂದ ಐದು ಹತ್ತು ರೂಪಾಯಿಯ ಪೊಟ್ಟಣ ಇಡೀ ಮಾಳಿಗೆಗೆ ಸಾಕು.

ಕಿರಾಣಿ ಕಾಳು ಎಷ್ಟು ಹಳೆಯದೋ ತಿಳಿಯುವುದಿಲ್ಲ. ಬಿತ್ತುವ ಎರಡು ವಾರ ಮೊದಲು ಇಪ್ಪತ್ತು ಕಾಳನ್ನು ಹಸಿ ಬಟ್ಟೆಯಲ್ಲಿ ಸುತ್ತಿ ಕತ್ತಲಲ್ಲಿಡಿ. ಬಟ್ಟೆ ಒಣಗಬಾರದು. ಹತ್ತು ಹನ್ನೆರಡು ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ಕಾಳು ಬಿಳಿ ಮೂತಿ ತೋರಿಸಿದರೆ ಬೀಜ ಬಿತ್ತಲು ಯೋಗ್ಯ. ಐದಾರು ಮಾತ್ರ ಮೊಳೆತರೆ ಮೂರು ಪಟ್ಟು ದಟ್ಟವಾಗಿ ಬಿತ್ತಬೇಕು, ಇಲ್ಲವೇ ಬೇರೆ ಅಂಗಡಿ ನೋಡಬೇಕು.

ಬಿತ್ತನೆಗೆ ಅಕ್ಟೋಬರ್ ಎರಡನೆಯ ವಾರದಿಂದ ನವೆಂಬರ್ ಮೊದಲ ವಾರದವರೆಗೆ ಒಳ್ಳೆಯ ಸಮಯ. ಹಿಂದಿನ ರಾತ್ರಿ ಕಾಳನ್ನು ನೀರಲ್ಲಿ ನೆನೆಸಿ, ಬೆಳಿಗ್ಗೆ ನೆರಳಲ್ಲಿ ಆರಿಸಿ, ಉಸುಕಿನೊಂದಿಗೆ ಕಲಸಿ ಚೆಲ್ಲಿ. ಮೇಲೆ ಒಂದು ಸೆಂಟಿಮೀಟರ್ ಮಣ್ಣು ಬರಬೇಕು. ಮೊಳೆಯಲು ಇದಕ್ಕೆ ಕತ್ತಲೆ ಇಷ್ಟ. ಹತ್ತರಿಂದ ಹದಿನೈದು ದಿನ ಏನೂ ಕಾಣಿಸದಿದ್ದರೆ ಗಾಬರಿಯಾಗಬೇಡಿ. ಇಲ್ಲೇ ಹೆಚ್ಚಿನವರು ಆಸೆ ಬಿಟ್ಟು ಕುಂಡದಲ್ಲಿ ಕೊತ್ತಂಬರಿ ಹಾಕಿಬಿಡುತ್ತಾರೆ. ಸಸಿ ಎರಡು ಬೆರಳೆತ್ತರವಾದಾಗ ಹತ್ತು ಇಂಚಿನ ಕುಂಡದಲ್ಲಿ ನಾಲ್ಕೈದು ಉಳಿಸಿ ಉಳಿದವನ್ನು ಕತ್ತರಿಯಿಂದ ಕತ್ತರಿಸಿ. ಕಿತ್ತರೆ ಪಕ್ಕದ ಬೇರು ಅಲುಗುತ್ತದೆ. ಈ ಬಳಗದ ಯಾವ ಗಿಡಕ್ಕೂ ಬೇರು ಅಲುಗಿಸಿಕೊಳ್ಳುವುದು ಸೇರದು. ಆದ್ದರಿಂದ ಬಿತ್ತಿದ ಜಾಗದಲ್ಲೇ ಬೆಳೆಯಲು ಬಿಡಿ, ಸಸಿ ಮಾಡಿ ನಾಟುವ ಗೋಜಿಗೆ ಹೋಗಬೇಡಿ.

ಗಿಡ ಮೊಣಕಾಲೆತ್ತರವಷ್ಟೇ, ಎಲೆ ಸಬ್ಬಸಿಗೆಯ ಹಾಗೆ ಎಳೆ ಎಳೆ. ಬಿತ್ತಿದ ಎರಡು, ಎರಡೂವರೆ ತಿಂಗಳಿಗೆ ಹೂ ಶುರು. ಅಕ್ಟೋಬರ್ ಕೊನೆಗೆ ಬಿತ್ತಿದ್ದು ಸಂಕ್ರಮಣಕ್ಕೆ, ಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ, ಹೂವಾಗಿ ನಿಲ್ಲುತ್ತದೆ. ಒಂದು ಹೂವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ. ಹೊರಗೆ ಐದು ದಳ, ಬಿಳಿ, ತುದಿಯಲ್ಲಿ ತಿಳಿ ನೀಲಿ. ಅದರೊಳಗೆ ಸುತ್ತಲೂ ಎಂಟರಷ್ಟು ಪುಟ್ಟ ಬಟ್ಟಲುಗಳು, ಪ್ರತಿ ಬಟ್ಟಲಿಗೂ ಒಂದು ಮುಚ್ಚಳ. ಜೇನು ಆ ಮುಚ್ಚಳವನ್ನು ಎತ್ತಿ ಒಳಗಿನ ರಸ ಹೀರುತ್ತದೆ. ಕೊಲಂಬೈನ್‌ನಲ್ಲಿ ರಸ ಇರುವುದು ಹಿಂದೆ ಚಾಚಿದ ಕೊಂಬಿನ ತುದಿಯಲ್ಲಿ. ಅಲ್ಲಿಗೆ ಮುಟ್ಟಲು ಉದ್ದ ನಾಲಿಗೆಯ ಕೀಟ ಬೇಕು. ಕಲೋಂಜಿಯಲ್ಲಿ ಅದೇ ರಸಕ್ಕೆ ಮುಚ್ಚಳದ ಕಾವಲು. ಹೂ ಬಿರಿದ ಮೊದಲ ದಿನಗಳಲ್ಲಿ ಕೇಸರಗಳು ಒಂದೊಂದಾಗಿ ಹೊರಗೆ ಬಾಗಿ ಪರಾಗ ಉದುರಿಸುತ್ತವೆ, ನಡುವಿನ ಶಲಾಕೆಗಳು ನೆಟ್ಟಗೆ ನಿಂತಿರುತ್ತವೆ. ಆಮೇಲೆ ಶಲಾಕೆಗಳು ತಿರುಚಿಕೊಂಡು ಕೆಳಗೆ ಬಗ್ಗಿ ಬಟ್ಟಲುಗಳ ಎತ್ತರಕ್ಕೆ ಬರುತ್ತವೆ. ಆಗ ಬಂದ ಜೇನಿನ ಬೆನ್ನು ಅವಕ್ಕೆ ತಾಗುತ್ತದೆ. ಮಕ್ಕಳಿಗೆ ಬೆಳಿಗ್ಗೆ ಬೆಳಿಗ್ಗೆ ಒಂದೇ ಹೂವನ್ನು ತೋರಿಸಿ, ಈ ಬದಲಾವಣೆ ಅವರಿಗೇ ಕಾಣುತ್ತದೆ.

ಲಾರ್ಕ್‌ಸ್ಪರ್

ಕೊಲಂಬೈನ್‌ನ ಕೊಂಬೇ ಬೇಕು ಎನ್ನುವವರಿಗೆ ಇದು. ಇದೂ ಅದೇ ಕುಟುಂಬ. ಕೊಂಬು ಐದಿಲ್ಲ, ಒಂದೇ, ಆದರೆ ಹಿಂದಕ್ಕೆ ಚೂಪಾಗಿ ಚಾಚಿ ಎದ್ದು ಕಾಣುತ್ತದೆ. ಉದ್ದ ಕಡ್ಡಿಯ ತುಂಬ ನೀಲಿ, ನೇರಳೆ, ಗುಲಾಬಿ, ಬಿಳಿ ಹೂ. ಉತ್ತರ ಭಾರತದ ಬಯಲುಗಳಲ್ಲಿ ಚಳಿಗಾಲದ ಮಡಿಗಳಲ್ಲಿ ಮಾಮೂಲಾಗಿ ಕಾಣುತ್ತದೆ. ನರ್ಸರಿಗಳಲ್ಲಿ ಇದರ ಸಸಿ ಕೊಳ್ಳಬೇಡಿ, ಬೀಜದ ಪಾಕೀಟೇ ತನ್ನಿ. ಗಿಡ್ಡ ತಳಿ ಕುಂಡಕ್ಕೆ ವಾಸಿ. ಎತ್ತರದ ತಳಿ ಮೂರಡಿಯವರೆಗೆ ಹೋಗುತ್ತದೆ, ಮಾಳಿಗೆಯ ಗಾಳಿಗೆ ಮುರಿಯುತ್ತದೆ, ಕೋಲು ಕಟ್ಟಬೇಕು.

ಇದರ ಬೀಜ ಬಿಸಿ ಮಣ್ಣಿನಲ್ಲಿ ಏಳುವುದೇ ಇಲ್ಲ. ಅಕ್ಟೋಬರ್‌ನಲ್ಲಿ ನಮ್ಮ ಹಗಲು ಇನ್ನೂ 30 ದಾಟಿರುತ್ತದೆ. ಆದ್ದರಿಂದ ದೀಪಾವಳಿ ಕಳೆದು ರಾತ್ರಿ ಹೊದಿಕೆ ಬೇಕೆನಿಸಿದ ಮೇಲೆ, ನವೆಂಬರ್ ಮೊದಲ ಎರಡು ವಾರಗಳಲ್ಲಿ ಬಿತ್ತಿ. ಅದಕ್ಕೆ ಮುಂಚೆ ಬೀಜವನ್ನು ತೇವದ ಉಸುಕಿನಲ್ಲಿ ಕಲಸಿ, ಡಬ್ಬಿಯಲ್ಲಿ ಹಾಕಿ ಎರಡು ವಾರ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಡಿ. ಮೇಲಿನ ಹಿಮದ ಖಾನೆ ಬೇಡ. ಅರ್ಧ ಸೆಂಟಿಮೀಟರ್ ಆಳಕ್ಕೆ ಬಿತ್ತಿ, ಗೋಣಿಚೀಲ ಹೊದಿಸಿ, ಸಂಜೆ ನೀರು ಚಿಮುಕಿಸಿ. ಮೊಳೆತ ದಿನವೇ ಚೀಲ ತೆಗೆಯಬೇಕು. ಜನವರಿ ಕೊನೆಯಿಂದ ಶಿವರಾತ್ರಿಯವರೆಗೆ ಹೂವಿರುತ್ತದೆ. ನಮ್ಮ ಮಣ್ಣಿನ ಸುಣ್ಣದ ಗುಣ ಇದಕ್ಕೆ ತೊಂದರೆ ಕೊಡುವುದಿಲ್ಲ ಎಂಬುದು ದೊಡ್ಡ ಅನುಕೂಲ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಲಾರ್ಕ್‌ಸ್ಪರ್ ಗಿಡ, ಮುಖ್ಯವಾಗಿ ಅದರ ಬೀಜ ಮತ್ತು ಎಳೆ ಸಸಿ, ವಿಷ. ಕೊಲಂಬೈನ್ ಬೀಜವೂ ಹಾಗೆಯೇ. ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ, ಓಣಿಯ ಆಡು ಬಾಯಿ ಹಾಕುವ ಕಟ್ಟೆಯ ಮೇಲೆ ಇದನ್ನು ಇಡಬೇಡಿ. ಕಲೋಂಜಿಯನ್ನು ಅಡುಗೆಗೆ ಬಳಸುವ ಮನೆಯಲ್ಲಿ ಇನ್ನೊಂದು ಅಪಾಯವುಂಟು: ಲಾರ್ಕ್‌ಸ್ಪರ್ ಬೀಜವೂ ಚಿಕ್ಕದು, ಕಪ್ಪು, ಮೂಲೆ ಮೂಲೆಯದು. ಎರಡನ್ನೂ ಅಕ್ಕಪಕ್ಕದ ಕುಂಡದಲ್ಲಿ ಬೆಳೆಸಬೇಡಿ, ಒಂದೇ ಮೊರದಲ್ಲಿ ಕೇರಬೇಡಿ, ಫ್ರಿಜ್ಜಿನಲ್ಲಿಡುವ ಡಬ್ಬಿಯ ಮೇಲೆ ‘ವಿಷ’ ಎಂದು ಬರೆಯಿರಿ, ಅದನ್ನು ಬಿಟ್ಟರೆ ಬೀಜವನ್ನು ಅಡುಗೆಮನೆಯ ಹತ್ತಿರಕ್ಕೂ ತರಬೇಡಿ. ಇಷ್ಟು ಜಾಗ್ರತೆ ಮಾಡಲಾಗದಿದ್ದರೆ ಲಾರ್ಕ್‌ಸ್ಪರ್ ಬಿಟ್ಟುಬಿಡಿ, ಉಳಿದೆರಡು ಸಾಕು.

ಅಗಸಿ

ಅಗಸಿಯದು ಕೊಲಂಬೈನ್‌ಗಿಂತ ಬೇರೆ ಕುಲ. ಆದರೂ ನನ್ನನ್ನು ಕೇಳಿದರೆ ವಿಜಯಪುರದ ಮಾಳಿಗೆಗೆ ಇದಕ್ಕಿಂತ ಒಳ್ಳೆಯ ನೀಲಿ ಹೂವಿಲ್ಲ. ಎಳ್ಳಮಾಸಿಯ ದಿನ ಬುತ್ತಿ ಕಟ್ಟಿಕೊಂಡು ಚರಗ ಚೆಲ್ಲಲು ಹೊಲಕ್ಕೆ ಹೋದವರು ಜೋಳದ ಸಾಲಿನಾಚೆ, ಕುಸುಬಿಯ ಮುಳ್ಳಿನ ಮಗ್ಗುಲಲ್ಲಿ, ಇದನ್ನು ನೋಡಿಯೇ ಇರುತ್ತಾರೆ. ಊಟದ ಗಡಿಬಿಡಿಯಲ್ಲಿ ನಿಂತು ನೋಡುವವರು ಕಡಿಮೆ. ಆಕಾಶದ ನೀಲಿಯ ಐದು ಎಸಳು, ಅದರ ಮೇಲೆ ಕಡು ನೀಲಿ ಗೆರೆ. ಸೂರ್ಯ ಏರುತ್ತಿದ್ದಂತೆ ಬಿರಿಯುತ್ತದೆ, ಮಧ್ಯಾಹ್ನದೊಳಗೆ ಎಸಳು ಉದುರುತ್ತದೆ. ಮರುದಿನ ಬೇರೆ ಮೊಗ್ಗು. ಹೀಗೆ ಮೂರು ನಾಲ್ಕು ವಾರ ದಿನಾ ಬೆಳಿಗ್ಗೆ ಹೊಸ ಹೂ. ಕೆಲಸಕ್ಕೆ ಹೊರಡುವ ಮೊದಲು ಮಾಳಿಗೆ ಹತ್ತುವವರಿಗೆ ಹೇಳಿ ಮಾಡಿಸಿದ್ದು. ಸಂಜೆಗೆ ಮಾತ್ರ ಬಿಡುವಾಗುವವರು ಕಲೋಂಜಿ ಹಾಕಿಕೊಳ್ಳಲಿ.

ಹಿಂಡಿಗೆಂದು ತಂದ ಅಗಸಿಯೇ ಬಿತ್ತಲು ಸಾಕು, ಹುರಿಯದೆ ಇರಬೇಕು ಅಷ್ಟೇ. ಇದನ್ನು ನೆನೆಸಬಾರದು. ನೀರು ತಾಗಿದ ಕೂಡಲೇ ಕಾಳಿನ ಸುತ್ತ ಲೋಳೆ ಬಂದು ಎಲ್ಲ ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತವೆ. ಒಣ ಕಾಳನ್ನು ಒಣ ಉಸುಕಿಗೆ ಬೆರೆಸಿ ಚೆಲ್ಲಿ, ಎರಡು ಸೆಂಟಿಮೀಟರ್ ಮಣ್ಣು ಮುಚ್ಚಿ. ಐದಾರು ದಿನಕ್ಕೆ ಎಲ್ಲ ಎದ್ದು ನಿಲ್ಲುತ್ತದೆ. ಒಂಟಿ ಅಗಸಿ ಗಿಡ ನೋಡಲು ಬಡಕಲು. ಅಗಲದ ಕುಂಡದಲ್ಲಿ, ಹಳೆಯ ಟಬ್ಬಿನಲ್ಲಿ ಹದಿನೈದಿಪ್ಪತ್ತು ಗಿಡ ಒತ್ತಾಗಿ ಬೆಳೆದರೆ ಒಂದರ ಆಸರೆ ಇನ್ನೊಂದಕ್ಕೆ, ಹೂವಿನ ಬಣ್ಣವೂ ಕಣ್ಣಿಗೆ ತುಂಬುತ್ತದೆ. ಅಕ್ಟೋಬರ್ ಮೊದಲ ವಾರ ಒಂದು ಟಬ್ಬು, ಹದಿನೈದು ದಿನ ಬಿಟ್ಟು ಇನ್ನೊಂದು, ಮತ್ತೆ ಹದಿನೈದು ದಿನಕ್ಕೆ ಮೂರನೆಯದು ಬಿತ್ತಿದರೆ ನವೆಂಬರ್ ಕೊನೆಯಿಂದ ಜನವರಿಯವರೆಗೆ ಹೂ ತಪ್ಪುವುದಿಲ್ಲ. ಗುಬ್ಬಿ ಮತ್ತು ಇಣಚಿ ಮೊಳಕೆಯನ್ನೂ ಕಾಯನ್ನೂ ಬಿಡುವುದಿಲ್ಲ. ಮೊದಲ ಎರಡು ವಾರ ಹಳೆಯ ಸೊಳ್ಳೆಪರದೆ ಹೊದಿಸಿ.

ನೀಲಿಯ ಪಕ್ಕಕ್ಕೆ ಬೇರೆ ಬಣ್ಣ ಬೇಕಾದರೆ ಕುಸುಬಿಯನ್ನೇ ಹಾಕಿ. ಹಳದಿಯಿಂದ ಕೇಸರಿಗೆ ತಿರುಗುವ ಹೂ ಬಹಳ ದಿನ ನಿಲ್ಲುತ್ತದೆ. ಮುಳ್ಳಿನ ಭಯವಿದ್ದವರು ಮುಳ್ಳಿಲ್ಲದ ತಳಿ ಕೇಳಿ. ಫಲ್ಟಣದ ನಿಂಬಕರ ಸಂಸ್ಥೆಯ ನಾರಿ-6 ಅಂಥದ್ದು.

ಮಣ್ಣು ಮತ್ತು ನೀರು

ಗಿಡ ಯಾವುದೇ ಇರಲಿ, ನಮ್ಮ ಊರಲ್ಲಿ ಹೂದೋಟ ಕೆಡುವುದು ಹೆಚ್ಚಾಗಿ ಈ ಎರಡರಿಂದ. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎರಿ ಮಣ್ಣು ಹೊಲದಲ್ಲಿ ಬಂಗಾರ, ಕುಂಡದಲ್ಲಿ ಕಷ್ಟ. ಹೊಲದಲ್ಲಿ ಅಡಿಗಟ್ಟಲೆ ಆಳವಿರುವುದರಿಂದ ನೀರು ಇಳಿಯಲು ಜಾಗವಿದೆ. ಕುಂಡದಲ್ಲಿ ಅದೇ ಮಣ್ಣು ತೊಯ್ದಾಗ ಉಬ್ಬಿ ಅಂಟಿಕೊಳ್ಳುತ್ತದೆ, ಒಣಗಿದಾಗ ಕುಗ್ಗಿ ಕುಂಡದ ಅಂಚು ಬಿಡುತ್ತದೆ. ಮೇಲೆ ಹಾಕಿದ ನೀರು ಅಂಚಿನ ಬಿರುಕಿನಲ್ಲಿ ಸುರಿದುಹೋಗಿ ತಳದಿಂದ ಹೊರಬರುತ್ತದೆ, ಗಡ್ಡೆಯ ಒಳಗೆ ಬೇರು ಒಣಗಿಯೇ ಇರುತ್ತದೆ. ನೀರು ಹಾಕಿದರೂ ಗಿಡ ಬಾಡಿತು ಎಂಬ ದೂರು ಬರುವುದು ಇದರಿಂದಲೇ. ಕುಂಡಕ್ಕೆ ಎರಡು ಪಾಲು ಕೆಂಪು ಮಸಾರಿ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದು ಪಾಲು ದಪ್ಪ ಉಸುಕು ಬೆರೆಸಿ. ಮಸಾರಿ ಸಿಗದಿದ್ದರೆ ಎರಿ ಮಣ್ಣನ್ನು ಒಂದೇ ಪಾಲಿಗೆ ಇಳಿಸಿ ಉಸುಕು, ಗೊಬ್ಬರ ಹೆಚ್ಚಿಸಿ. ಒಂದು ಹಿಡಿ ಬೇವಿನ ಹಿಂಡಿ ಸಾಕು. ಯೂರಿಯಾ ಬೇಡ. ಈ ಮೂರೂ ಗಿಡಗಳು ಮೇವು ಹೆಚ್ಚಾದರೆ ಸೊಪ್ಪಾಗಿ ಬೆಳೆದು ಬಿದ್ದುಬಿಡುತ್ತವೆ, ಹೂ ಕಡಿಮೆ.

ಅಂಗಳದಲ್ಲಿ ನೆಲವಿದ್ದವರು ಭಾಗ್ಯವಂತರು. ಅಲ್ಲಿ ಎರಿ ಇದ್ದರೂ ನಡೆಯುತ್ತದೆ, ಆದರೆ ಅರ್ಧ ಅಡಿ ಏರುಮಡಿ ಮಾಡಿ. ಹಸಿ ಮಣ್ಣನ್ನು ಅಗೆಯಬೇಡಿ. ಒಂದು ಮುಷ್ಟಿ ಮಣ್ಣನ್ನು ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಡಿ. ಚಪ್ಪಟೆಯಾಗಿ ಅಂಟಿದರೆ ಇನ್ನೂ ಕಾಯಬೇಕು, ಪುಡಿಯಾಗಿ ಒಡೆದರೆ ಹದ. ಡಿಸೆಂಬರ್‌ನಿಂದ ನೆಲ ಬಿರಿಯತೊಡಗುತ್ತದೆ. ಜೋಳಕ್ಕೆ ರೈತರು ಎಡೆ ಹೊಡೆಯುವುದು ಆ ಬಿರುಕು ಮುಚ್ಚಿ ಹಸಿ ಉಳಿಸಲಿಕ್ಕೆ. ನೀವು ಕುರ್ಪಿಯಿಂದ ಮೇಲ್ಮಣ್ಣು ಸಡಿಲಿಸಿ, ಮೇಲೆ ಕಬ್ಬಿನ ರವದಿಯನ್ನೋ ಒಣ ಎಲೆಯನ್ನೋ ಹಾಸಿ. ಆ ಹಾಸು ಇದ್ದರೆ ವಾರಕ್ಕೊಮ್ಮೆ ನೀರು ಸಾಕಾಗುತ್ತದೆ.

ನೀರಿನ ವಿಷಯಕ್ಕೆ ಬಂದರೆ ಆದಿಲಶಾಹಿಗಳ ಕಾಲದಲ್ಲೂ ಈ ಊರಿನ ಚಿಂತೆ ಅದೇ. ತೊರವಿಯ ಕಡೆಯಿಂದ ನೆಲದೊಳಗಿನ ಕಾಲುವೆಗಳಲ್ಲಿ ನೀರು ತಂದರು, 1620ರ ಸುಮಾರಿಗೆ ತಾಜ್ ಬಾವಡಿ ತೋಡಿದರು, 1651ರಲ್ಲಿ ಬೇಗಂ ತಲಾಬ್ ಕಟ್ಟಿದರು. ಇಂದಿನ ಮನೆಗಳ ಬೋರಿನ ನೀರು ಬಹಳ ಕಡೆ ಗಡಸು, ಕೆಲವೆಡೆ ಸವಳು. ಕುಂಡದ ಹೊರಮೈಗೆ, ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಅದು ಉಪ್ಪು, ಸುಣ್ಣ. ನಳದ ನೀರು ಬಂದಾಗ ಒಂದು ಡ್ರಮ್ಮು ಗಿಡಗಳಿಗೆಂದೇ ತುಂಬಿಡಿ, ಸೆಪ್ಟೆಂಬರ್ ಮಳೆಯ ಮಾಳಿಗೆ ನೀರನ್ನು ಹಿಡಿದಿಡಿ. ಮೊಳಕೆಯ ಮೊದಲ ತಿಂಗಳು ಈ ಒಳ್ಳೆಯ ನೀರು ಸಿಕ್ಕರೆ ಆಮೇಲೆ ಬೋರಿನ ನೀರನ್ನು ಗಿಡ ತಾಳಿಕೊಳ್ಳುತ್ತದೆ. ಹದಿನೈದು ದಿನಕ್ಕೊಮ್ಮೆ ಕುಂಡದ ತಳದಿಂದ ಧಾರಾಳವಾಗಿ ಹರಿದುಹೋಗುವಷ್ಟು ನೀರು ಹಾಕಿ ಉಪ್ಪು ತೊಳೆಯಿರಿ. ನೀರು ಶುದ್ಧ ಮಾಡುವ ಯಂತ್ರದಿಂದ ಹೊರಬೀಳುವ ವ್ಯರ್ಥ ನೀರನ್ನು ಕುಂಡಕ್ಕೆ ಸುರಿಯಲೇಬೇಡಿ. ಬೋರಿನ ನೀರಿನಲ್ಲಿದ್ದ ಲವಣವೆಲ್ಲ ಅದರಲ್ಲಿ ಇನ್ನಷ್ಟು ದಟ್ಟವಾಗಿ ಸೇರಿರುತ್ತದೆ.

ಇಂಥ ಮಣ್ಣು, ನೀರಿನಲ್ಲಿ ಮೊದಲು ಕಾಣುವ ತೊಂದರೆ ಎಳೆ ಎಲೆ ಹಳದಿಯಾಗುವುದು. ಎಲೆಯ ನರ ಹಸಿರಾಗಿದ್ದು ನಡುವೆ ಹಳದಿಯಿದ್ದರೆ ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಸುಣ್ಣ ಅದನ್ನು ಬೇರಿಗೆ ಸಿಗದ ಹಾಗೆ ಕಟ್ಟಿಹಾಕಿರುತ್ತದೆ. ಒಂದು ಲೀಟರ್ ಒಳ್ಳೆಯ ನೀರಿಗೆ 5 ಗ್ರಾಂ ಅನ್ನಭೇದಿ, ಅರ್ಧ ನಿಂಬೆಹಣ್ಣಿನ ರಸ ಹಾಕಿ, ಸೋಸಿ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಹತ್ತು ದಿನಕ್ಕೆ ಇನ್ನೊಮ್ಮೆ. ಕಲಸಿದ ನೀರನ್ನು ಮರುದಿನಕ್ಕೆ ಇಡಬೇಡಿ. ಹಳೆಯ ಎಲೆ, ಕೆಳಗಿನವು ಹಳದಿಯಾಗುತ್ತಿದ್ದರೆ ಕಾರಣ ಬೇರೆ, ಹೆಚ್ಚಾಗಿ ನೀರು ನಿಂತಿರುವುದು. ಆಗ ಅನ್ನಭೇದಿಯಿಂದ ಪ್ರಯೋಜನವಿಲ್ಲ. ಊಹೆಯ ಮೇಲೆ ಔಷಧಿ ಹೊಡೆಯುವ ಬದಲು ಒಮ್ಮೆ ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಸುವುದು ಜಾಣತನ. ವಿಜಯಪುರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಹುಳ, ರೋಗ ಈ ಗಿಡಗಳಿಗೆ ಹೆಚ್ಚಿಲ್ಲ. ಮೋಡ ಕವಿದ ದಿನಗಳಲ್ಲಿ ತುದಿಗೆ ಹೇನು ಹತ್ತಿದರೆ ಲೀಟರ್‌ಗೆ 5 ಮಿ.ಲೀ. ಬೇವಿನ ಎಣ್ಣೆ, ಒಂದಿಷ್ಟು ಸಾಬೂನು ನೀರು ಬೆರೆಸಿ ಹೊಡೆಯಿರಿ. ಜನವರಿಯಲ್ಲಿ ಎಲೆಯ ಮೇಲೆ ಬೂದಿ ಕಂಡರೆ ನೀರಲ್ಲಿ ಕರಗುವ ಗಂಧಕ, ಲೀಟರ್‌ಗೆ 3 ಗ್ರಾಂ. ದ್ರಾಕ್ಷಿ ಬೆಳೆಗಾರರ ಮನೆಯಲ್ಲಿ ಇದು ಇದ್ದೇ ಇರುತ್ತದೆ. ಸಸಿಗಳು ಬುಡದಲ್ಲಿ ಕೊಳೆತು ಮಲಗಿದರೆ ಔಷಧಿಗಿಂತ ಮೊದಲು ನೀರು ಕಡಿಮೆ ಮಾಡಿ. ಮಾಳಿಗೆಯ ಪಡುವಣ ಗೋಡೆಗೆ ತಾಗಿಸಿ ಕುಂಡ ಇಡಬೇಡಿ. ಹಗಲು ಕಾದ ಗೋಡೆ ರಾತ್ರಿಯೆಲ್ಲ ಶಾಖ ಬಿಡುತ್ತದೆ, ನಾವು ಗಿಡಕ್ಕೆ ಕೊಡಬೇಕೆಂದಿರುವ ತಂಪೇ ಹೋಗುತ್ತದೆ. ಮೂಡಣ ಬಿಸಿಲು ಐದಾರು ಗಂಟೆ ಬೀಳುವ ಜಾಗ ಎಲ್ಲಕ್ಕಿಂತ ಒಳ್ಳೆಯದು.

ಕೊಲರಾಡೊದಲ್ಲೋ ಇಂಗ್ಲೆಂಡಿನಲ್ಲೋ ಇರುವ ಮಕ್ಕಳ ಮನೆಗೆ ಹೋಗುವವರಿಗೆ ಒಂದು ಮಾತು. ಅಲ್ಲಿ ಕೊಲಂಬೈನ್ ಬೆಳೆಸುವುದು ಇಲ್ಲಿ ಚೆಂಡು ಹೂ ಬೆಳೆಸಿದಷ್ಟೇ ಸುಲಭ. ಚಳಿಗಾಲಕ್ಕೆ ಮೊದಲು ಬೀಜವನ್ನು ಮಣ್ಣಿನ ಮೇಲೆ ಚೆಲ್ಲಿ, ಮುಚ್ಚದೆ, ಕೈಯಿಂದ ಒತ್ತಿಬಿಡಿ. ಅದಕ್ಕೆ ಮೊಳೆಯಲು ಬೆಳಕು ಬೇಕು. ಹಿಮವೇ ಅದನ್ನು ಸಿದ್ಧ ಮಾಡುತ್ತದೆ. ಮೊದಲ ವರ್ಷ ಎಲೆ, ಎರಡನೆಯ ವರ್ಷದ ಮೇ ತಿಂಗಳಲ್ಲಿ ಹೂ. ಬಲಿತ ಗಿಡವನ್ನು ಕಿತ್ತು ಬೇರೆ ಕಡೆ ನೆಡಬೇಡಿ, ಬೇರು ಆಳ. ಬೀಜ ಉದುರಲು ಬಿಟ್ಟರೆ ತಾನಾಗಿ ಸುತ್ತ ಹಬ್ಬುತ್ತದೆ.

ಇನ್ನು ಇಲ್ಲಿನ ಬೀಜ ಕಟ್ಟುವ ಕೆಲಸ. ಅಗಸಿಯ ಗುಂಡು ಕಾಯಿ ಕಂದಾಗಿ, ಅಲುಗಿಸಿದರೆ ಒಳಗೆ ಸದ್ದಾದಾಗ ಗಿಡ ಕೊಯ್ದು ಬಟ್ಟೆಯ ಮೇಲೆ ಬಡಿಯಿರಿ. ಕಲೋಂಜಿಯ ಕಾಯಿ ಉಬ್ಬಿದ ಚೀಲದಂತಿದ್ದು ಮೇಲೆ ಕೊಂಬುಗಳಿರುತ್ತವೆ. ಫೆಬ್ರುವರಿ, ಮಾರ್ಚ್‌ನಲ್ಲಿ ಅದು ಹಳದಿಯಿಂದ ಕಂದಿಗೆ ತಿರುಗುತ್ತಿರುವಾಗಲೇ ಕೊಯ್ಯಬೇಕು. ತಡವಾದರೆ ತುದಿ ಬಿರಿದು ಕಾಳು ಚೆಲ್ಲುತ್ತದೆ. ನೆರಳಲ್ಲಿ ವಾರ ಒಣಗಿಸಿ, ಉಜ್ಜಿ, ಕೇರಿ. ಅರ್ಧ ಕಾಳು ಮುಂದಿನ ಸೀಗಿ ಹುಣ್ಣಿಮೆಗೆಂದು ಗಾಜಿನ ಬಾಟ್ಲಿಯಲ್ಲಿ ಸ್ವಲ್ಪ ಬೂದಿ ಬೆರೆಸಿ ತೆಗೆದಿಡಿ, ಉಳಿದದ್ದು ಅಡುಗೆಗೆ. ಲಾರ್ಕ್‌ಸ್ಪರ್ ಬೀಜ ಹಿಡಿದಿದ್ದರೆ ಬೇರೆ ದಿನ, ಬೇರೆ ಕಾಗದದ ಮೇಲೆ ಒಣಗಿಸಿ, ಬಾಟ್ಲಿಗೆ ಕೆಂಪು ಶಾಯಿಯಲ್ಲಿ ‘ವಿಷ’ ಎಂದು ಬರೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ.